ನಿತ್ಯದ ದಾರಿ ಮತ್ತು ಪಂದ್ಯದ ಕರೆ: ಹೊಂದಿಸಬಲ್ಲ ಸಸ್ಪೆನ್ಷನ್ನಿನ ಚರಿತ್ರೆಯನ್ನು ಕುರಿತು

1

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯು ಮರವಂತೆಯಲ್ಲಿ ಒಂದು ಮಗ್ಗುಲಿಗೆ ಸಮುದ್ರವನ್ನೂ ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿಯನ್ನೂ ಇಟ್ಟುಕೊಂಡು ಸಾಗಿ, ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ನಾವುಂದವನ್ನು ಹೊಗುತ್ತದೆ. ಈ ಊರಿನ ನಿವಾಸಿಯ ನಿತ್ಯಸಂಚಾರವು ಒಂದೇ ಬಗೆಯ ದಾರಿಯ ಮೇಲೆ ನಡೆಯತಕ್ಕದ್ದಲ್ಲ. ಹಿಂದೆ 17ನೆಯ ಸಂಖ್ಯೆಯದಾಗಿದ್ದು ಈಗ 66ನೆಯ ಸಂಖ್ಯೆಯದೆನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿಯು ಒಂದು. ಅದರಿಂದ ಪೂರ್ವಕ್ಕೆ ಗದ್ದೆ ತೋಟಗಳ ನಡುವೆಯೂ ಪಶ್ಚಿಮಕ್ಕೆ ಕಡಲ ದಂಡೆಯ ಕಡೆಗೂ ಕವಲೊಡೆದು ಹೋಗುವ ಒಳರಸ್ತೆಗಳು ಇನ್ನೊಂದು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಈ ಕರಾವಳಿಯಲ್ಲಿ ಒಳರಸ್ತೆಯ ಡಾಂಬರು ಮಳೆಗಾಲ ಮುಗಿಯುವುದರೊಳಗೆ ಅಲ್ಲಲ್ಲಿ ಕಿತ್ತುಹೋಗಿ, ಹೊಂಡಗಳ ತಳದಲ್ಲಿ ಕೆಂಪು ಮುರಕಲ್ಲು ಕಾಣಿಸಿಕೊಳ್ಳುವುದು ಎಲ್ಲರ ಅನುಭವಕ್ಕೂ ಬಂದ ಸಂಗತಿ.

ಇಂತಹ ದಾರಿಯ ಮೇಲೆ ದಿನವೂ ಓಡಾಡಬೇಕಾದ ಕಾರನ್ನೇ ವರ್ಷದಲ್ಲಿ ನಾಲ್ಕಾರು ದಿನ ಪಂದ್ಯದ ಪಥದ ಮೇಲೆಯೂ ಓಡಿಸಬೇಕೆಂದು ಬಯಸುವವನು ಅದಕ್ಕೆ ಎಂತಹ ಸಸ್ಪೆನ್ಷನ್ನನ್ನು ಆರಿಸಿಕೊಳ್ಳಬೇಕು? ಈ ಪ್ರಶ್ನೆಯು ಸಾಮಾನ್ಯವಾಗಿ ಗ್ಯಾರೇಜಿನ ಬಾಗಿಲಲ್ಲಿ ಹುಟ್ಟಿ ಅಂಗಡಿಯ ಬೆಲೆಪಟ್ಟಿಯಲ್ಲಿ ಮುಗಿದುಹೋಗುತ್ತದೆ. ನಾವು ಇಲ್ಲಿ ಅದನ್ನು ಚರಿತ್ರೆಯ ಪ್ರಶ್ನೆಯನ್ನಾಗಿ ಎತ್ತಿಕೊಳ್ಳಲಿದ್ದೇವೆ. ಏಕೆಂದರೆ, ಒಂದೇ ಸಾಧನವು ದುಡಿಮೆಗೂ ಆಟಕ್ಕೂ ಒದಗಬೇಕೆಂಬ ಬಯಕೆಯು ಮೋಟಾರಿನೊಡನೆ ಹುಟ್ಟಿದ್ದಲ್ಲ. ಈ ನಾಡಿನಲ್ಲಿಯೇ ಅದಕ್ಕೆ ಬಹಳ ಹಿಂದಿನ ಉದಾಹರಣೆಯುಂಟು. ಸಸ್ಪೆನ್ಷನ್ ಎಂಬ ಮಾತನ್ನು ಇಲ್ಲಿನ ಮೆಕ್ಯಾನಿಕ್ಕುಗಳೂ ಗ್ರಾಹಕರೂ ಒಂದೇ ಸಮನಾಗಿ ಬಳಸುತ್ತಿರುವುದರಿಂದ ನಾವೂ ಅದನ್ನೇ ಬಳಸುತ್ತೇವೆ. ಗಾಲಿಗೂ ಗಾಡಿಯ ಒಡಲಿಗೂ ನಡುವೆ ಇರುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಅವನ್ನು ಹಿಡಿದಿರುವ ತೋಳುಗಳು, ಇವಿಷ್ಟೂ ಆ ಮಾತಿನಲ್ಲಿ ಅಡಕವಾಗಿವೆ.

2

ಮೊದಲು ಕಂಬಳದ ವಿಚಾರ. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲ್ಲೂಕುಗಳ ಸೀಮೆಯಲ್ಲಿ ವಂಡಾರು, ತಗ್ಗರ್ಸೆ ಮೊದಲಾದ ಕಡೆಗಳ ಕಂಬಳಗಳು ಪ್ರಸಿದ್ಧವಾಗಿವೆ. ಇವು ದೊಡ್ಡ ಮನೆತನಗಳ ಗದ್ದೆಗಳಲ್ಲಿ, ದೈವದ ಕಟ್ಟುಕಟ್ಟಳೆಗಳೊಡನೆ ಬೆರೆತು ನಡೆದುಬಂದ ಸಾಂಪ್ರದಾಯಿಕ ಕಂಬಳಗಳು. ಸುತ್ತಲಿನ ರೈತರು ತಮ್ಮ ಕೋಣಗಳನ್ನು ಸಿಂಗರಿಸಿ ತಂದು, ಹಲವರು ಹರಕೆಯಾಗಿಯೂ, ಆ ಗದ್ದೆಯಲ್ಲಿ ಓಡಿಸುತ್ತಿದ್ದರು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಹಾಗೆ ಓಡಿದ ಕೋಣಗಳು ಮರುದಿನ ನೊಗಕ್ಕೆ ಹೆಗಲು ಕೊಟ್ಟು ಉಳುವ ಕೋಣಗಳೇ ಆಗಿದ್ದುವು. ಉಳುವವನೇ ಓಡಿಸುವವನು, ಉಳುವ ಜೋಡಿಯೇ ಓಟದ ಜೋಡಿ.

ಹಾಗಾದರೆ ದುಡಿಮೆಯ ದಿನಕ್ಕೂ ಪಂದ್ಯದ ದಿನಕ್ಕೂ ನಡುವೆ ಬದಲಾಗುತ್ತಿದ್ದುದೇನು? ನೊಗದ ಹಿಂದೆ ಕಟ್ಟುವ ಸಾಧನವು ಮಾತ್ರ. ಇಂದಿನ ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂದು ನಾಲ್ಕು ವಿಭಾಗಗಳಿರುವುದನ್ನು ಬಲ್ಲವರು ಬಲ್ಲರು. ಹಗ್ಗದ ವಿಭಾಗದಲ್ಲಿ ಓಡಿಸುವವನು ಹಗ್ಗವನ್ನೇ ಹಿಡಿದು ಓಡುತ್ತಾನೆ. ನೇಗಿಲಿನ ವಿಭಾಗದಲ್ಲಿ ಉಳುಮೆಯ ನೇಗಿಲನ್ನು ಹೋಲುವ ಹಗುರವಾದ ಸಾಧನವಿರುತ್ತದೆ. ಅಡ್ಡಹಲಗೆಯಲ್ಲಿ ಅವನು ಹಲಗೆಯ ಮೇಲೆ ನಿಂತು ಎಳೆಯಿಸಿಕೊಳ್ಳುತ್ತಾನೆ. ಕನೆಹಲಗೆಯಲ್ಲಿ ರಂಧ್ರಗಳಿಂದ ನೀರು ಚಿಮ್ಮಿ, ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟುವುದೇ ಗೆಲುವಿನ ಅಳತೆ. ಕೋಣಗಳು ಅವೇ, ಕೆಸರಿಗೂ ಕೋಣಕ್ಕೂ ಇರುವ ಸಂಬಂಧವನ್ನು ಹೊಂದಿಸುವ ಉಪಕರಣವು ಬೇರೆ. ಹೊಂದಿಸಬಲ್ಲ ಸಸ್ಪೆನ್ಷನ್ನಿನ ತತ್ತ್ವವೂ ಇದಕ್ಕಿಂತ ಬೇರೆಯಲ್ಲವೆಂದು ಮುಂದೆ ತೋರಿಸುವೆವು.

ಕಾಲಕ್ರಮದಲ್ಲಿ ಈ ಏಕತೆಯು ಒಡೆಯಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ದೊಡ್ಡ ಮನೆತನಗಳ ಹಿಡುವಳಿಗಳು ಗೇಣಿದಾರರಿಗೆ ಹೋದುವು. ಅನಂತರ ಗದ್ದೆಗಳಿಗೆ ಟಿಲ್ಲರು ಬಂದು ಉಳುವ ಕೋಣವು ಹಟ್ಟಿಯಿಂದ ಮರೆಯಾಗತೊಡಗಿತು. ಇನ್ನೊಂದು ಕಡೆ ದಕ್ಷಿಣದಲ್ಲಿ ಜೋಡುಕರೆಯ ಕಂಬಳಗಳು ಬೆಳೆದು, ಓಟಕ್ಕಾಗಿಯೇ ಸಾಕಿದ, ಹುರುಳಿ ತಿಂದು ಎಣ್ಣೆಯ ನೀವಿಕೆ ಪಡೆಯುವ, ನೇಗಿಲನ್ನೇ ಕಾಣದ ಕೋಣಗಳು ಕಣಕ್ಕೆ ಇಳಿದುವು. ಓಟವು ವೇಗವಾಯಿತು, ಸಂದೇಹವಿಲ್ಲ. ಆದರೆ ಒಂದು ಜೋಡಿಯನ್ನು ಮಾತ್ರ ಸಾಕಬಲ್ಲ ರೈತನು ಕಣದಿಂದ ದಂಡೆಗೆ ಸರಿದು ನೋಡುಗನಾದನು. ದುಡಿಮೆಯ ಸಾಧನದಿಂದ ಆಟದ ಸಾಧನವು ಬೇರ್ಪಟ್ಟಾಗಲೆಲ್ಲ ಹೀಗೆಯೇ ಆಗುತ್ತದೆ. ಮೋಟಾರಿನ ಚರಿತ್ರೆಯನ್ನು ನಾವು ಓದಬೇಕಾದುದು ಈ ನಷ್ಟವನ್ನು ಮನಸ್ಸಿನಲ್ಲಿಟ್ಟುಕೊಂಡು.

3

ಎತ್ತಿನ ಗಾಡಿಗೆ ಸ್ಪ್ರಿಂಗು ಇರಲಿಲ್ಲ. ಅಚ್ಚಿನ ಮೇಲೆಯೇ ಮೂಕಿ, ಮೂಕಿಯ ಮೇಲೆಯೇ ಹೊರೆ. ನಡೆಯುವ ವೇಗದಲ್ಲಿ ಅದರ ಅಗತ್ಯವೂ ಅಷ್ಟಾಗಿ ತೋರಲಿಲ್ಲ. ಕುದುರೆಯ ಓಟದ ವೇಗಕ್ಕೆ ಬಂದಾಗ ಪಟ್ಟಿ ಸ್ಪ್ರಿಂಗು ಅನಿವಾರ್ಯವಾಯಿತು. ಪಟ್ಟಣಗಳ ಜಟಕಾ ಗಾಡಿಗಳಲ್ಲಿ ಅದನ್ನು ಕಾಣುತ್ತಿದ್ದೆವು. ಇಂಗ್ಲೆಂಡಿನಲ್ಲಿ ಒಬದಾಯ ಎಲಿಯಟ್ ಎಂಬವನು ಬಿಲ್ಲಿನಾಕಾರದ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗಿಗೆ ಹಕ್ಕುಪತ್ರ ಪಡೆದುದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಮಂಗಳೂರಿನಲ್ಲಿ 1914ರಲ್ಲಿ ಆರಂಭವಾದ ಸಿ.ಪಿ.ಸಿ. ಕಂಪನಿಯ ಕಾಲದಿಂದ ಕರಾವಳಿಯ ಬಸ್ಸುಗಳು ಇಂತಹ ಪಟ್ಟಿಗಳ ಮೇಲೆಯೇ ಓಡಿದುವು. ಗ್ಯಾರೇಜಿನ ಮಾತಿನಲ್ಲಿ ‘ಪ್ಲೇಟು’ ಎಂದರೆ ಇದೇ.

ಪಟ್ಟಿಯಾಗಲಿ ಸುರುಳಿಯಾಗಲಿ, ಸ್ಪ್ರಿಂಗಿನ ಗುಣವನ್ನು ಒಂದು ಸರಳವಾದ ಲೆಕ್ಕದಿಂದ ತಿಳಿಯಬಹುದು. ಗಾಡಿಯ ಭಾರವು ಕುಳಿತಾಗ ಸ್ಪ್ರಿಂಗು ಎಷ್ಟು ಕುಗ್ಗುವುದೋ ಅದರ ಮೇಲೆ ಗಾಡಿಯು ತೂಗುವ ವೇಗವು ನಿಂತಿದೆ. ಸುಮಾರು 25 ಸೆಂಟಿಮೀಟರು ಕುಗ್ಗಿದರೆ ನಿಮಿಷಕ್ಕೆ 60 ತೂಗು. 11 ಸೆಂಟಿಮೀಟರಾದರೆ 90. ಕೇವಲ 6 ಸೆಂಟಿಮೀಟರಾದರೆ ಸುಮಾರು 120. ಮೊದಲ ಎರಡರ ನಡುವಿನದು ದೇಹಕ್ಕೆ ಹಿತವಾದ ಸಾಧಾರಣ ಕಾರಿನ ಪ್ರಮಾಣ. ಮೂರನೆಯದು ಮತ್ತು ಅದಕ್ಕೆ ಮೇಲ್ಪಟ್ಟದ್ದು ಪಂದ್ಯದ ಕಾರಿನದು. ತೂಗನ್ನು ಇಮ್ಮಡಿಮಾಡಬೇಕಾದರೆ ಸ್ಪ್ರಿಂಗಿನ ಬಿಗಿಯನ್ನು ನಾಲ್ಮಡಿಮಾಡಬೇಕು. ಆದಕಾರಣ ಸುಖಕ್ಕೂ ಪಂದ್ಯಕ್ಕೂ ನಡುವಿನ ಅಂತರವು ತೋರಿಕೆಗಿಂತ ಬಹಳ ದೊಡ್ಡದು. ಯಾವ ಗುಂಡಿಯನ್ನು ತಿರುಗಿಸಿಯೂ ಸಾಧಾರಣ ಸ್ಪ್ರಿಂಗನ್ನು ಅಷ್ಟು ದೂರ ಒಯ್ಯಲಾಗದು.

ಸ್ಪ್ರಿಂಗು ಆಘಾತವನ್ನು ನುಂಗುವುದಿಲ್ಲ, ಸಾಲವಾಗಿ ಇಟ್ಟುಕೊಳ್ಳುತ್ತದೆ. ಮರುಕ್ಷಣದಲ್ಲಿ ಅದನ್ನು ಹಿಂದಕ್ಕೆ ಕೊಡುತ್ತದೆ. ಈ ಹಿಂದಿರುಗುವ ಚಲನೆಯನ್ನು ತಡೆದು ಶಾಖವನ್ನಾಗಿ ಪರಿವರ್ತಿಸುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ರಾನ್ಸಿನ ಟ್ರುಫೋ ಮತ್ತು ಅಮೆರಿಕದ ಹಾರ್ಟ್‌ಫರ್ಡ್ ಇವರ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಮೊದಲ ಸಾಧನಗಳು ಬಿಲ್ಲೆಗಳ ಘರ್ಷಣೆಯಿಂದ ಕೆಲಸಮಾಡುತ್ತಿದ್ದುವು. ಇವುಗಳಲ್ಲಿ ಒಂದು ಗುಣವೂ ಒಂದು ದೋಷವೂ ಇದ್ದುವು. ನಡುವಿನ ನಟ್ಟನ್ನು ಸ್ಪ್ಯಾನರಿನಿಂದ ತಿರುಗಿಸಿ ಬಿಗಿಯನ್ನು ಹೆಚ್ಚು ಕಡಮೆ ಮಾಡಬಹುದಾಗಿದ್ದುದೇ ಗುಣ. ಸಣ್ಣ ಕಂಪನಕ್ಕೆ ಬಿಲ್ಲೆಗಳು ಕಚ್ಚಿಕೊಂಡು ಅಲುಗದೆ, ದೊಡ್ಡ ಹೊಡೆತಕ್ಕೆ ಒಮ್ಮೆಲೆ ಜಾರುತ್ತಿದ್ದುದೇ ದೋಷ. ಎಣ್ಣೆಯನ್ನು ಕಿರಿದಾದ ರಂಧ್ರಗಳ ಮೂಲಕ ತಳ್ಳುವ ಸಾಧನದಲ್ಲಿ ಇದು ತಿರುಗುಮುರುಗು: ಚಲನೆ ನಿಧಾನವಾದರೆ ತಡೆ ಅಲ್ಪ, ವೇಗವಾದರೆ ತಡೆ ಅಧಿಕ. ಕ್ರಮೇಣ ಎಣ್ಣೆಯ ಪದ್ಧತಿಯೇ ಗೆದ್ದುದು ಈ ಕಾರಣದಿಂದ.

4

ಬಿಗಿಯನ್ನು ಹೊಂದಿಸುವ ಬಯಕೆಯು ಎಲ್ಲಿ ಪ್ರಬಲವಾಯಿತೆಂಬುದನ್ನು ನೋಡಿದರೆ ನಮ್ಮ ಕಂಬಳದ ಗದ್ದೆಯ ನೆನಪು ಬಾರದಿರದು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬ ಪಂದ್ಯದ ಪಥವು 1907ರಲ್ಲಿ ತೆರೆಯಿತು. ಅದರ ಕಾಂಕ್ರೀಟು ನೆಲವು ಕಾಲಕ್ರಮದಲ್ಲಿ ಏರುತಗ್ಗಾಗಿ, ವೇಗದಲ್ಲಿ ಬಂದ ಕಾರುಗಳು ನೆಲಬಿಟ್ಟು ಹಾರುತ್ತಿದ್ದುವು. ಎರಡು ಮಹಾಯುದ್ಧಗಳ ನಡುವಣ ಅವಧಿಯಲ್ಲಿ ಅಲ್ಲಿ ಸ್ಪರ್ಧಿಸಿದ ಹವ್ಯಾಸಿಗಳು ತಮ್ಮ ಕಾರನ್ನು ತಾವೇ ರಸ್ತೆಯ ಮೇಲೆ ಓಡಿಸಿಕೊಂಡು ಬಂದು, ಮಡ್‌ಗಾರ್ಡು ದೀಪಗಳನ್ನು ಬಿಚ್ಚಿಟ್ಟು, ಘರ್ಷಣೆಯ ಬಿಲ್ಲೆಗಳ ನಟ್ಟನ್ನು ಬಿಗಿಮಾಡಿ, ಪಟ್ಟಿ ಸ್ಪ್ರಿಂಗುಗಳಿಗೆ ಹುರಿಯನ್ನು ಸುತ್ತಿ ಓಡಿಸುತ್ತಿದ್ದರು. ಸಂಜೆಗೆ ನಟ್ಟನ್ನು ಸಡಿಲಿಸಿ ಅದೇ ಕಾರಿನಲ್ಲಿ ಮನೆಗೆ ಮರಳುತ್ತಿದ್ದರು. ವಾಹನವು ಅದೇ, ನೆಲಕ್ಕೂ ಅದಕ್ಕೂ ಇರುವ ಸಂಬಂಧ ಮಾತ್ರ ಬೇರೆ.

ಸ್ಪ್ಯಾನರು ಹಿಡಿದು ಕೆಳಗೆ ಬಗ್ಗುವ ತೊಂದರೆಯನ್ನು ತಪ್ಪಿಸಲು 1930ರ ದಶಕದಲ್ಲಿ ಚಾಲಕನು ಕುಳಿತಲ್ಲಿಂದಲೇ ಹೊಂದಿಸಬಲ್ಲ ಏರ್ಪಾಡುಗಳು ಬಂದುವು. ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ 1932ರಲ್ಲಿ ಇಂತಹ ಹಿಡಿಯಿತ್ತು. ಅದೇ ದಶಕದ ಡರ್ಬಿಯ ಬೆಂಟ್ಲಿ ಕಾರುಗಳಲ್ಲಿ ಸ್ಟೀರಿಂಗ್ ಚಕ್ರದ ನಡುವೆಯೇ ಅದನ್ನು ಇಟ್ಟಿದ್ದರು. ಎರಡನೆಯ ಮಹಾಯುದ್ಧದ ಅನಂತರ ಹಾಲೆಂಡಿನ ಕೋನಿ ಸಂಸ್ಥೆಯ ಹೊಂದಿಸಬಲ್ಲ ಎಣ್ಣೆಯ ಶಾಕ್ ಅಬ್ಸಾರ್ಬರುಗಳು ಹೆಸರು ಪಡೆದುವು. ಅವನ್ನು ಕಾರಿನಿಂದ ಬಿಚ್ಚಿ, ಪೂರ್ತಿ ಒತ್ತಿ, ತಿರುಚಿ ಬಿಗಿಮಾಡಬೇಕಾಗಿತ್ತು. ಸವೆತದಿಂದ ಸಡಿಲವಾದುದನ್ನು ಮತ್ತೆ ಮೊದಲಿನಂತೆ ಮಾಡುವುದಕ್ಕೂ ಇದೇ ಉಪಾಯ. 1955ರ ಸಿಟ್ರೊಯೆನ್ ಡಿ.ಎಸ್. ಕಾರಿನಲ್ಲಿ ಅನಿಲವೂ ದ್ರವವೂ ಕೂಡಿ ಸ್ಪ್ರಿಂಗಿನ ಸ್ಥಾನವನ್ನು ಪಡೆದು, ಕಾರಿನ ಎತ್ತರವನ್ನೇ ಬದಲಿಸಬಹುದಾಯಿತು. 1983ರಲ್ಲಿ ಜಪಾನಿನ ಟೊಯೋಟ ಸೋರರ್ ಕಾರಿನಲ್ಲಿ ವಿದ್ಯುನ್ಮಾನ ನಿಯಂತ್ರಣವೂ, 2002ರಲ್ಲಿ ಅಮೆರಿಕದ ಕ್ಯಾಡಿಲಾಕಿನಲ್ಲಿ ಅಯಸ್ಕಾಂತದ ಪ್ರಭಾವಕ್ಕೆ ಗಟ್ಟಿಯಾಗುವ ಎಣ್ಣೆಯೂ ಬಳಕೆಗೆ ಬಂದುವು.

ಇಷ್ಟಾಗಿಯೂ ಪಂದ್ಯದ ಕಾರು ರಸ್ತೆಯ ಕಾರಿನಿಂದ ಬೇರೆಯಾಗುತ್ತಲೇ ಹೋಯಿತು. ಅದು ಟ್ರೈಲರಿನ ಮೇಲೆ ಪಥಕ್ಕೆ ಬಂದು ಟ್ರೈಲರಿನ ಮೇಲೆಯೇ ಹಿಂದಿರುಗತೊಡಗಿತು. ಕೋಣಗಳಿಗೆ ಆದದ್ದೇ ಕಾರುಗಳಿಗೂ ಆಯಿತು. ಒಂದೇ ಕಾರು ಉಳ್ಳವನು ಪಂದ್ಯದ ಪಥಕ್ಕೆ ಬರಲು ಉಳಿದ ಬಾಗಿಲೆಂದರೆ ಹೊಂದಿಸಬಲ್ಲ ಸಸ್ಪೆನ್ಷನ್ನೇ.

5

ನಮ್ಮ ದೇಶದಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಮದರಾಸಿನ ಬಳಿಯ ಶೋಲಾವರದ ಹಳೆಯ ವಿಮಾನಪಥದ ಮೇಲೆ, 1953ರಲ್ಲಿ ಸ್ಥಾಪಿತವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ದಶಕಗಳ ಕಾಲ ಪಂದ್ಯಗಳನ್ನು ನಡೆಸಿತು. ಕುಂದಾಪುರದ ಸೀಮೆಯು 1956ರ ನವೆಂಬರಿನವರೆಗೆ ಮದರಾಸು ರಾಜ್ಯಕ್ಕೇ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಅಂದು ದೇಶದಲ್ಲಿ ದೊರೆಯುತ್ತಿದ್ದ ಕಾರುಗಳೇ ಕೆಲವು. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರಿಗೆ ಮುಂದೆ ತಿರುಚುವ ಸರಳುಗಳು, ಹಿಂದೆ ಪಟ್ಟಿಗಳು. ಫಿಯೆಟ್ 1100ಕ್ಕೆ ಮುಂದೆ ಸುರುಳಿ, ಹಿಂದೆ ಪಟ್ಟಿ. ಮನೆಮಂದಿಯನ್ನು ಮದುವೆಗೆ ಕರೆದೊಯ್ಯುವ ಇಂತಹ ಕಾರುಗಳನ್ನೇ ಉತ್ಸಾಹಿಗಳು ತಗ್ಗಿಸಿ, ಬಿಗಿಗೊಳಿಸಿ ಪಂದ್ಯಕ್ಕೆ ಇಳಿಸುತ್ತಿದ್ದರು. 1985ರಲ್ಲಿ ಬಂದ ಮಾರುತಿ ಜಿಪ್ಸಿಯು ನಾಲ್ಕು ಗಾಲಿಗಳಿಗೂ ಪಟ್ಟಿ ಸ್ಪ್ರಿಂಗನ್ನೇ ಹೊಂದಿದ್ದರೂ ರ‍್ಯಾಲಿಗಳಲ್ಲಿ ಬಹುಕಾಲ ಮೆರೆಯಿತು.

ಇಂದು ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟೆಯಲ್ಲಿ 1990ರಲ್ಲಿ ತೆರೆದ ಪಥವೂ, ಕೊಯಮತ್ತೂರಿನ ಹೊರವಲಯದಲ್ಲಿ 2003ರಿಂದ ನಡೆದಿರುವ ಕರಿ ಮೋಟಾರ್ ಸ್ಪೀಡ್‌ವೇಯೂ ದಕ್ಷಿಣದ ಉತ್ಸಾಹಿಗಳಿಗೆ ಒದಗಿವೆ. ನಾವುಂದದಿಂದ ಹೊರಟವನು ಘಟ್ಟವನ್ನು ಏರಿಯೋ ಕರಾವಳಿಯನ್ನೇ ಹಿಡಿದೋ ನೂರಾರು ಕಿಲೋಮೀಟರು ಸಾಗಿ ಅಲ್ಲಿಗೆ ತಲಪಬೇಕು. ಟ್ರೈಲರಿಲ್ಲದವನು ಪಂದ್ಯದ ಕಾರಿನಲ್ಲಿಯೇ ಕುಳಿತು ಹೋಗಬೇಕಷ್ಟೆ. ಬ್ರೂಕ್‌ಲ್ಯಾಂಡ್ಸಿನ ಹವ್ಯಾಸಿಯ ಸ್ಥಿತಿಯೂ ಇವನ ಸ್ಥಿತಿಯೂ ಒಂದೇ.

6

ಮೇಲಿನ ಚರಿತ್ರೆಯಿಂದ ಆಯ್ಕೆಯ ವಿಷಯದಲ್ಲಿ ಕೆಲವು ಸಂಗತಿಗಳು ವಿದಿತವಾಗುತ್ತವೆ.

ಮೊದಲನೆಯದಾಗಿ, ಹೊಂದಿಕೆಯ ಗುಂಡಿಯು ಬದಲಿಸುವುದು ಶಾಕ್ ಅಬ್ಸಾರ್ಬರಿನ ತಡೆಯನ್ನೇ ಹೊರತು ಸ್ಪ್ರಿಂಗನ್ನಲ್ಲ. ಸುರುಳಿ ಸ್ಪ್ರಿಂಗಿನೊಳಗೆ ಶಾಕ್ ಅಬ್ಸಾರ್ಬರನ್ನು ಇರಿಸಿ, ಮರೆಯುಳ್ಳ ಬಳೆಯಿಂದ ಎತ್ತರವನ್ನು ಹೊಂದಿಸುವ ‘ಕಾಯಿಲೋವರ್’ ಎಂಬ ಸಾಧನವು ಈಗ ಜನಪ್ರಿಯವಾಗಿದೆ. ಬಳೆಯನ್ನು ಬಿಗಿಮಾಡಿದರೆ ಸ್ಪ್ರಿಂಗು ಗಡುಸಾಗುತ್ತದೆಂದು ಅನೇಕರು ನಂಬುತ್ತಾರೆ. ಇದು ಸರಿಯಲ್ಲ, ಒಂದೇ ಸಮನಾದ ಸುರುಳಿಯ ಬಿಗಿಯು ಹಾಗೆಯೇ ಉಳಿದು ಕಾರಿನ ಎತ್ತರವು ಮಾತ್ರ ಬದಲಾಗುತ್ತದೆ. ಆದುದರಿಂದ ಸ್ಪ್ರಿಂಗನ್ನು ನಿತ್ಯ ಸಂಚರಿಸುವ ಅತಿ ಕೆಟ್ಟ ದಾರಿಗೆ ತಕ್ಕಂತೆ ಆರಿಸಬೇಕು; ಪಂದ್ಯದ ದಿನಕ್ಕೆ ಬೇಕಾದ ವ್ಯತ್ಯಾಸವನ್ನು ತಡೆಯ ಹೊಂದಿಕೆಯಿಂದ ಪಡೆಯಬೇಕು. ಮೂಲ ಸ್ಪ್ರಿಂಗಿಗಿಂತ ತುಸು ಬಿಗಿಯಾದದ್ದನ್ನು ಸಹಿಸಬಹುದು. ಪಂದ್ಯದ ಸ್ಪ್ರಿಂಗನ್ನು ಹಾಕಿ, ಗುಂಡಿಯನ್ನು ಪೂರ್ತಿ ಸಡಿಲಿಸಿ ಸುಖವನ್ನು ನಿರೀಕ್ಷಿಸುವವನಿಗೆ ಸುಖವೂ ಸಿಗದು, ಹಿಡಿತವೂ ಸಿಗದು. ಬಿಗಿಯಾದ ಸ್ಪ್ರಿಂಗಿಗೆ ಹೆಚ್ಚಿನ ತಡೆಯೇ ಬೇಕು.

ಎರಡನೆಯದಾಗಿ, ತಡೆಯಲ್ಲಿಯೂ ಎರಡು ಬಗೆ: ಗಾಲಿಯು ಮೇಲಕ್ಕೆ ಒತ್ತಲ್ಪಡುವಾಗಿನದು ಒಂದು, ಕೆಳಕ್ಕೆ ಇಳಿಯುವಾಗಿನದು ಇನ್ನೊಂದು. ಇಳಿತದ ತಡೆಯನ್ನು ಅತಿಯಾಗಿ ಬಿಗಿಮಾಡಿದರೆ, ಸಾಲುಹೊಂಡಗಳ ಮೇಲೆ ಹೋಗುವಾಗ ಒಂದು ಹೊಂಡಕ್ಕೂ ಮುಂದಿನದಕ್ಕೂ ನಡುವೆ ಗಾಲಿಯು ಪೂರ್ತಿ ಕೆಳಗೆ ಇಳಿಯಲಾರದೆ, ಕಾರು ಹಂತಹಂತವಾಗಿ ಕುಗ್ಗುತ್ತ ಹೋಗಿ ಕೊನೆಗೆ ರಬ್ಬರಿನ ತಡೆಗಟ್ಟಿಗೆ ಬಡಿಯುತ್ತದೆ. ಮಳೆಗಾಲದ ಒಳರಸ್ತೆಯಲ್ಲಿ ಇದು ತಪ್ಪದು. ಪಂದ್ಯದಿಂದ ಮರಳುವಾಗ ಗುಂಡಿಯನ್ನು ಸಡಿಲಿಸಲು ಮರೆಯಬಾರದೆಂಬುದು ಬ್ರೂಕ್‌ಲ್ಯಾಂಡ್ಸಿನ ಹವ್ಯಾಸಿಗೂ ತಿಳಿದಿದ್ದ ಪಾಠ.

ಮೂರನೆಯದಾಗಿ, ಎತ್ತರದ ವಿಚಾರ. ಸಾಮಾನ್ಯ ಕಾಯಿಲೋವರಿನಲ್ಲಿ ಬಳೆಯನ್ನು ಇಳಿಸಿದಷ್ಟೂ ಗಾಲಿಗೆ ಮೇಲೇರಲು ಉಳಿಯುವ ಅವಕಾಶವು ಕಡಮೆಯಾಗುತ್ತದೆ. ಕೆಳತುದಿಯ ಹಿಡಿಕೆಯನ್ನೇ ಪ್ರತ್ಯೇಕವಾಗಿ ತಿರುಗಿಸಿ ಎತ್ತರವನ್ನು ಬದಲಿಸುವ ಇನ್ನೊಂದು ಬಗೆಯಲ್ಲಿ ಶಾಕ್ ಅಬ್ಸಾರ್ಬರಿನೊಳಗಿನ ಅವಕಾಶವು ಹಾಗೆಯೇ ಉಳಿಯುತ್ತದೆ. ಆದರೂ ಟಯರು ಒಡಲಿಗೆ ತಾಗದಂತೆಯೂ ತಳವು ನೆಲಕ್ಕೆ ತಾಗದಂತೆಯೂ ನೋಡಿಕೊಳ್ಳಬೇಕು. ಶಾಲೆಯ ಮುಂದಿನ ರಸ್ತೆ ಉಬ್ಬನ್ನು ದಾಟಲಾರದ ಕಾರು ನಾವುಂದದಲ್ಲಿ ಯಾರಿಗೆ ಬೇಕು?

ನಾಲ್ಕನೆಯದು ಕಡಲಿಗೆ ಸಂಬಂಧಿಸಿದ್ದು. ಉಪ್ಪು ಬೆರೆತ ತೇವವಾದ ಗಾಳಿಯಲ್ಲಿ ಉಕ್ಕೂ ಅಲ್ಯೂಮಿನಿಯಮ್ಮೂ ಒಂದನ್ನೊಂದು ತಾಗಿರುವೆಡೆಯಲ್ಲಿ ಸವಕಳಿಯು ಶೀಘ್ರವಾಗಿ ನಡೆಯುತ್ತದೆ. ಮರೆಯ ಮೇಲಿನ ಬಳೆಯು ಎರಡು ಮಳೆಗಾಲ ಅಲುಗದೆ ಉಳಿದರೆ ಕಚ್ಚಿಕೊಂಡುಬಿಡಬಹುದು. ತಿರುಗದ ಬಳೆಯುಳ್ಳ ಸಸ್ಪೆನ್ಷನ್ನನ್ನು ಹೊಂದಿಸಬಲ್ಲದ್ದೆಂದು ಕರೆಯುವುದು ಹೇಗೆ? ಆದಕಾರಣ ಮರೆಗಳನ್ನು ತೊಳೆದು, ಗ್ರೀಸು ಹಚ್ಚಿ, ಸಾಧ್ಯವಾದರೆ ಹೊದಿಕೆ ಹಾಕಿ ಕಾಪಾಡಬೇಕು. ಕೊಳ್ಳುವ ಮೊದಲೇ ಅದನ್ನು ಬಿಚ್ಚಿ ಸೀಲು ಎಣ್ಣೆಗಳನ್ನು ಬದಲಿಸಿಕೊಡುವವರು ಹತ್ತಿರದಲ್ಲಿ ಇರುವರೇ ಎಂದು ವಿಚಾರಿಸಬೇಕು.

ಐದನೆಯದು ಕಾನೂನು. ನೋಂದಣಿಪತ್ರದಲ್ಲಿನ, ತಯಾರಕನು ಮೊದಲು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ವಿಧಿಸುತ್ತದೆ; ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಯಾವ ಬದಲಾವಣೆಯು ಈ ನಿಷೇಧಕ್ಕೆ ಒಳಪಡುವುದೆಂಬುದನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಕೇಳಿ ತಿಳಿದೇ ಕೆಲಸಕ್ಕೆ ಕೈಹಾಕುವುದು ವಿಹಿತ.

7

ಕಡೆಯದಾಗಿ ಒಂದು ಮಾತು. ಸಸ್ಪೆನ್ಷನ್ನನ್ನು ಆರಿಸುವವನು ಸಾಮಾನ್ಯವಾಗಿ ಚಾಲಕನ ಆಸನದಲ್ಲಿ ಕುಳಿತು ಯೋಚಿಸುತ್ತಾನೆ. ಆದರೆ ನಿತ್ಯದ ದಾರಿಯಲ್ಲಿ ಹಿಂದಿನ ಆಸನವೂ ಉಂಟು. ಅಲ್ಲಿ ಬೆನ್ನುನೋವಿನ ಅಜ್ಜಿಯೋ, ಕುಂದಾಪುರದ ಆಸ್ಪತ್ರೆಗೆ ಹೊರಟ ಬಸುರಿಯೋ ಕುಳಿತಿರಬಹುದು. ಹೆಚ್ಚಿನ ಕಾರುಗಳಲ್ಲಿ ಹಿಂಬದಿಯ ಆಸನವು ಹಿಂದಿನ ಗಾಲಿಗಳ ಸಮೀಪದಲ್ಲಿರುವುದರಿಂದ ಆ ಗಾಲಿಗಳ ಹೊಡೆತವು ಚಾಲಕನಿಗಿಂತ ಅವರಿಗೆ ಹೆಚ್ಚಾಗಿ ತಟ್ಟುತ್ತದೆ. ಪರೀಕ್ಷೆ ಮಾಡುವಾಗ ಮಾಲಿಕನು ಒಮ್ಮೆ ಹಿಂದೆ ಕುಳಿತು ಇನ್ನೊಬ್ಬನಿಂದ ಓಡಿಸಿ ನೋಡುವುದು ಯಾವ ಬೆಲೆಪಟ್ಟಿಯಲ್ಲಿಯೂ ಸಿಗದ ಅರಿವನ್ನು ಕೊಡುತ್ತದೆ.

ಉಳುವ ಕೋಣವೂ ಓಡುವ ಕೋಣವೂ ಒಂದೇ ಆಗಿದ್ದ ಕಾಲದಲ್ಲಿ ರೈತನು ಓಟಕ್ಕಾಗಿ ಕೋಣದ ದುಡಿಮೆಯ ಬಲವನ್ನು ಕೆಡಿಸುತ್ತಿರಲಿಲ್ಲ. ನೊಗದ ಹಿಂದಿನದನ್ನು ಬದಲಿಸಿ, ಆಟ ಮುಗಿದ ಮೇಲೆ ಮತ್ತೆ ನೇಗಿಲು ಕಟ್ಟುತ್ತಿದ್ದನು. ಬದಲಾವಣೆಯು ಹಿಂದಿರುಗಿಸಲು ಬರುವಂತಹದಾಗಿತ್ತು. ಆ ವಿವೇಕದ ಸಾರವೇ ಅದು. ಹೊಂದಿಸಬಲ್ಲ ಸಸ್ಪೆನ್ಷನ್ನಿನ ಬೆಲೆಯನ್ನೂ ಅದು ಎಷ್ಟು ಬಿಗಿಯಾಗಬಲ್ಲದೆಂಬುದರಿಂದ ಅಳೆಯದೆ, ಪಂದ್ಯ ಮುಗಿದ ಸಂಜೆ ಎಷ್ಟು ನಿಷ್ಠೆಯಿಂದ ಮನೆಯ ದಾರಿಗೆ ಹಿಂದಿರುಗಬಲ್ಲದೆಂಬುದರಿಂದಲೇ ಅಳೆಯತಕ್ಕದ್ದೆಂದು ನಾವು ಭಾವಿಸುತ್ತೇವೆ.